ಸರ್ವಜ್ಞನ ಬಾಗಿಲಲ್ಲಿ ಒಬ್ಬ ಪಾದ್ರಿ



ಬಾಲಕ ಯೇಸು ವಯಸ್ಸಿನ ಜೊತೆಗೆ ಜ್ಞಾನದಲ್ಲಿಯೂ ಬೆಳೆದನೆಂದು ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿದೆ. ಸ್ವಾಮಿಯೇ ಬೆಳೆಯಬೇಕಾಯಿತೆಂದರೆ, ಆತನ ಹೆಸರು ಹೇಳುವವರು ಎಷ್ಟು ಬೆಳೆಯಬೇಕು? ಮುಪ್ಪಿನವರೆಗೂ ಹಾಗೆ ಬೆಳೆಯುತ್ತಲೇ ಹೋದ ಕನ್ನಡಿಗರೊಬ್ಬರಿದ್ದರು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಊರು ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ. ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಪಾದ್ರಿಯ ಕೆಲಸ ಬೋಧನೆ. ಆದರೆ ಇವರು ಹಳ್ಳಿಗೆ ಹೋದರೆ ಹೇಳಿದಷ್ಟೇ ಕೇಳಿಸಿಕೊಂಡರು. ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಬರೆದುಕೊಂಡರು, ಹಳೆಯ ಕೈಬರಹದ ಪ್ರತಿಗಳನ್ನು ಹುಡುಕಿ ಒಂದಕ್ಕೊಂದು ತಾಳೆ ನೋಡಿದರು. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ತಪ್ಪು ಅಂಕಿಗಾಗಿ ರಾತ್ರಿಯವರೆಗೆ ಕೂತ ನನಗೆ ಆ ಶ್ರಮ ಸ್ವಲ್ಪ ಗೊತ್ತು. 1924ರಲ್ಲಿ ಸುಮಾರು 2,000 ವಚನಗಳ ಸಂಗ್ರಹ ಅಚ್ಚಾಯಿತು.

ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಮಕ್ಕಳು ಶಾಲೆಯಲ್ಲಿ ತಿರುಕ್ಕುರಳ್ ಬಾಯಿಪಾಠ ಮಾಡುತ್ತಾರೆ, ಮನೆಯಲ್ಲಿ ಅಜ್ಜಿಯಿಂದ ಸರ್ವಜ್ಞನ ಮಾತು ಕೇಳುತ್ತಾರೆ. ಆ ಕುರಳಿನ ಮೊದಲೆರಡು ಭಾಗಗಳನ್ನು 1730ರಲ್ಲಿ ಲ್ಯಾಟಿನ್ನಿಗೆ ತಂದವರೂ ಪಾದ್ರಿಗಳೇ, ತಮಿಳರ ವೀರಮಾಮುನಿವರ್. 1886ರಲ್ಲಿ ಜಿ. ಯು. ಪೋಪ್ ಇಂಗ್ಲಿಷಿಗೆ ತಂದರು. ಅವರಿಬ್ಬರೂ ದೂರದೇಶದಿಂದ ಬಂದು ಕಲಿತವರು. ಚನ್ನಪ್ಪನವರು ಈ ಮಣ್ಣಿನವರೇ ಆದುದರಿಂದ ಅವರ ಮುಂದಿದ್ದ ಪ್ರಶ್ನೆ ಬೇರೆ: ಕ್ರೈಸ್ತನಾದವನು ತನ್ನ ನೆಲದ ಹಿರಿಯರ ಜ್ಞಾನವನ್ನು ಹೊಸಿಲ ಆಚೆಗೇ ನಿಲ್ಲಿಸಬೇಕೋ, ಒಳಗೆ ಕರೆದು ಕೂಡಿಸಬೇಕೋ? ಅವರು ಕರೆದು ಕೂಡಿಸಿದರು. ತಮ್ಮ ನಂಬಿಕೆಯನ್ನು ಮುಚ್ಚಿಡಲೂ ಇಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕವನ್ನೇ ಬರೆದರು. ಆಜ್ಞೆಯಲ್ಲ, ವಿನಂತಿ! ಆ ಒಂದು ಪದದ ಆಯ್ಕೆ ನನಗೆ ಬಹಳ ಹಿಡಿಸಿದೆ.

1949ರಲ್ಲಿ ಗುಲ್ಬರ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಲ್ಲಿಗೆ ಸಾಕೆಂದು ಕೂರಲಿಲ್ಲ. ಬಸವಣ್ಣನವರ ಕಾಲದ ಅನುಭವಮಂಟಪ ನಿಜವಾಗಿ ಇತ್ತೇ ಎಂಬ ಸಂಶಯ ವಿದ್ವಾಂಸರಲ್ಲಿ ಎದ್ದಾಗ, ಇತ್ತೆಂದು ವಾದಿಸಿ ಎಪ್ಪತ್ತರ ವಯಸ್ಸಿನಲ್ಲಿ ‘ಅನುಭವಮಂಟಪದ ಐತಿಹಾಸಿಕತೆ’ ಬರೆದರು. ಶರಣರ ಪರವಾಗಿ ಸಾಕ್ಷಿಗೆ ನಿಂತವರು ಒಬ್ಬ ಪಾದ್ರಿ! 1962ರಲ್ಲಿ ತೀರಿಕೊಂಡರು.

2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾದವು. ಎರಡೂ ಊರಿನ ಬಸ್ಸು ಹತ್ತುವ ನಮ್ಮವರು ಅಯನಾವರದ ಕಡೆ ಹೋದರೆ, ಸರ್ವಜ್ಞನಿಗೆ ಕೈ ಮುಗಿಯುವಾಗ ಚನ್ನಪ್ಪನವರನ್ನೂ ಒಮ್ಮೆ ನೆನೆಯಿರಿ.