ಸೋರಿದರೆ ನಿಲ್ಲದ ಗಾಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ರಸ್ತೆಗಳಲ್ಲಿ ಚಕ್ಕಡಿ ಹೋಗಿ ಜೀಪು ಬಂದದ್ದು, ಜೀಪಿನ ಜಾಗಕ್ಕೆ ಕ್ರೂಸರ್ ಬಂದದ್ದು ನಮಗೆ ವೇಗದ ಕಥೆಯಾಗಿ ಗೊತ್ತು. ಅದೇ ಇತಿಹಾಸವನ್ನು ಗಾಡಿ ನಿಲ್ಲಿಸುವ ಕಡೆಯಿಂದ ನೋಡಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಸೋರಿಕೆ ಚಕ್ಕಡಿಗೆ ಏನನ್ನು ಮಾಡಿತೋ ರೈಲಿಗೆ ಅದನ್ನು ಮಾಡಲಿಲ್ಲ, ರೈಲಿಗೆ ಮಾಡಿದ್ದನ್ನು ಕಾರಿಗೆ ಮಾಡಲಿಲ್ಲ. ಬ್ರೇಕ್ ಆಯಿಲ್ ಇಳಿದಿದೆ ಎಂದ ಕೂಡಲೆ ಮೇಲಿಂದ ಒಂದಿಷ್ಟು ಸುರಿದು ಮುಚ್ಚಳ ತಿರುವಿ ಹೊರಟುಬಿಡುವ ರೂಢಿಯನ್ನು ಬೇಜವಾಬ್ದಾರಿ ಎಂದು ಬೈಯುವುದು ಸುಲಭ. ನನಗೆ ಅನ್ನಿಸುವುದು, ಆ ರೂಢಿಯ ಬೇರು ಹಳೆಯ ಗಾಡಿಗಳಲ್ಲಿದೆ. ಅಲ್ಲಿ ಅದು ಪೂರ್ತಿ ಸರಿಯಾಗಿತ್ತು. ಮನೆಮಂದಿ ಕೂರುವ ಇಂದಿನ ಗಾಡಿಯಲ್ಲಿ ಮಾತ್ರ ಅದು ಜೀವಕ್ಕೆ ಎರವಾಗುತ್ತದೆ.

ಚಕ್ಕಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಎಂದರೆ ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಎರೆ ಭೂಮಿಯ ಧೂಳಿನಲ್ಲಿ ಗಾಲಿ ಉರುಳಿದಂತೆಲ್ಲ ಅದು ಒಸರಿ, ಒಣಗಿ ತೀರುತ್ತಿತ್ತು. ಖರ್ಚಾಗುವುದೇ ಅದರ ಗುಣ. ಗಾಲಿ ಕಿರುಗುಟ್ಟಿದರೆ ಮತ್ತೆ ಹಚ್ಚಬೇಕು, ಅಷ್ಟೇ ಚಿಕಿತ್ಸೆ. ಗಾಡಿ ನಿಲ್ಲಿಸುವ ಕೆಲಸ ಎತ್ತಿನದು, ಹಗ್ಗ ಹಿಡಿದವನದು. ಎಣ್ಣೆ ಪೂರಾ ತೀರಿದರೂ ಚಕ್ಕಡಿ ನಿಲ್ಲುವುದಕ್ಕೆ ತೊಂದರೆ ಇರಲಿಲ್ಲ. 1880ರ ದಶಕದಲ್ಲಿ ಹೊಟಗಿಯಿಂದ ಬಾಗಲಕೋಟೆ, ಬಾದಾಮಿ ಹಾದು ಗದಗಿಗೆ ಮೀಟರ್‌ಗೇಜ್ ರೈಲು ಬಂತು. ನಮ್ಮ ರೈಲುಗಳು ಬಹುಕಾಲ ನೆಚ್ಚಿಕೊಂಡಿದ್ದ ವ್ಯಾಕ್ಯೂಮ್ ಬ್ರೇಕಿನಲ್ಲಿ ಪೈಪು ಒಡೆದರೆ, ಡಬ್ಬಿ ಕಳಚಿದರೆ ಹೊರಗಿನ ಗಾಳಿ ಒಳನುಗ್ಗಿ ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಅಲ್ಲಿ ಸೋರಿಕೆಯೇ ಗಾಡಿಯನ್ನು ನಿಲ್ಲಿಸುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ದಿಮ್ಮಿ ಹೊರುವ ಲಾರಿಗಳ ಏರ್ ಬ್ರೇಕು ಸೋರಿದರೆ ಸುಸ್ಸೆನ್ನುವ ಸದ್ದು ಕೇಳುತ್ತದೆ, ಗೇಜಿನ ಮುಳ್ಳು ಕೆಳಗಿಳಿಯುತ್ತದೆ. ಈಗಿನ ಲಾರಿಗಳಲ್ಲಿ ಗಾಳಿ ತೀರಾ ಇಳಿದರೆ ಸ್ಪ್ರಿಂಗಿನ ಬಲಕ್ಕೆ ಹಿಂದಿನ ಗಾಲಿಗಳು ಬಿಗಿದುಕೊಳ್ಳುತ್ತವೆ. ಹೀಗೆ ನಮ್ಮ ಸೀಮೆಯಲ್ಲಿ ಓಡಾಡಿದ ದೊಡ್ಡ ಗಾಡಿಗಳೆಲ್ಲ ಸೋರಿಕೆಯನ್ನು ಒಂದೋ ಲೆಕ್ಕಕ್ಕಿಡಲಿಲ್ಲ, ಇಲ್ಲವೇ ಕೂಗಿ ಹೇಳಿದವು.

ಕಾರು, ಜೀಪಿನ ಬ್ರೇಕು ಈ ಸಾಲಿಗೆ ಸೇರದು. ಕಾಲಿನ ಒತ್ತಡವನ್ನು ದ್ರವದ ಮೂಲಕ ಗಾಲಿಗೆ ಮುಟ್ಟಿಸುವ ಏರ್ಪಾಟಿಗೆ ಅಮೆರಿಕದ ಮ್ಯಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ; 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಗಾಲಿಗೆ ಅದನ್ನು ತಂದಿತು. ಅದರ ಮೊದಲ ರೋಗವೇ ಸೋರಿಕೆ. ಒಳಗಿನ ಕಪ್ಪುಗಳು, ಎಂದರೆ ಬಟ್ಟಲಿನಂಥ ಸೀಲುಗಳು, ತೊಗಲಿನವು; ದ್ರವವನ್ನು ತಡೆದು ಹಿಡಿಯುತ್ತಿರಲಿಲ್ಲ. 1924ರ ಹೊತ್ತಿಗೆ ಕ್ರೈಸ್ಲರ್ ಎಂಜಿನಿಯರುಗಳು ರಬ್ಬರ್ ಕಪ್ಪು ಹಾಕಿದ ಮೇಲೆಯೇ ಈ ಬ್ರೇಕು ನಂಬುವಂತಾದದ್ದು. ಆ ಕಾಲದ ಬ್ರೇಕ್ ಆಯಿಲ್ ಯಾವುದು ಗೊತ್ತೆ? ಔಡಲೆಣ್ಣೆಗೆ ಆಲ್ಕೋಹಾಲ್ ಬೆರೆಸಿದ್ದು. ನೆಲದಡಿಯಿಂದ ತೆಗೆದ ಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಔಡಲೆಣ್ಣೆ ಹಾಗೆ ಮಾಡದು. ಹುನಗುಂದದ ಚಕ್ಕಡಿಯ ಅಚ್ಚಿಗೂ ಡೆಟ್ರಾಯಿಟ್ಟಿನ ಕಾರಿನ ಬ್ರೇಕಿಗೂ ಒಂದೇ ಬೀಜದ ಎಣ್ಣೆ. ಆದರೆ ಕೆಲಸ ತದ್ವಿರುದ್ಧ: ಅಲ್ಲಿ ತೀರಬೇಕಾದದ್ದು ಇಲ್ಲಿ ತೀರಲೇಬಾರದು. ಈ ವ್ಯವಸ್ಥೆಯ ಬಾಯಿ ಮುಚ್ಚಿದೆ, ಒಳಗಿನದು ಎಲ್ಲಿಗೂ ಖರ್ಚಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ದಾರಿ ತೆರೆದಿದೆ. ಅದೂ ಸದ್ದಿಲ್ಲದೆ.

ಇದಕ್ಕೆ ಮೊದಲ ಆಕ್ಷೇಪ ನ್ಯಾಯವಾದದ್ದೇ: ಲೈನರ್ ಸವೆದಂತೆ ಗಾಲಿಯ ಬಳಿಯ ಪಿಸ್ಟನ್ ಮುಂದೆ ಸರಿದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತದೆ, ಸೋರಿಕೆ ಇರಲೇಬೇಕೆಂದಿಲ್ಲ. ನಿಜ. ಆದರೆ ಆ ಇಳಿತಕ್ಕೆ ತಿಂಗಳುಗಳೇ ಬೇಕು. ಮತ್ತೆ, ಲೈನರ್ ಸವೆದದ್ದು ಹೌದೋ ಅಲ್ಲವೋ ಎಂದು ತಿಳಿಯಲೂ ಗಾಲಿ ಬಿಚ್ಚಲೇಬೇಕು. ಬಿಚ್ಚಿದಾಗ ನೋಡಬೇಕಾದ ಜಾಗಗಳು ಬಹಳವಿಲ್ಲ. ಡ್ರಮ್ಮು ತೆಗೆದು ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೊಪ್ಪಿಗೆಯನ್ನು ಉಗುರಿನಿಂದ ಹಿಂದೆ ಸರಿಸಿ. ಒಳಗೆ ಒದ್ದೆಯಿದ್ದರೆ ಕಪ್ಪು ಸೋತಿದೆ. ಟೈರಿನ ಒಳಮೈಯಲ್ಲಿ ಧೂಳು ಅಂಟಂಟಾಗಿ ಕೂತಿದ್ದರೆ ಅದೂ ಇದೇ ಸಾಕ್ಷಿ. ಗಾಲಿಗಳೆಲ್ಲ ಒಣಗಿದ್ದು ಪೆಡಲ್ ಮಾತ್ರ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ನೋಡಿ. ಒಮ್ಮೊಮ್ಮೆ ಅದರ ಹಿಂಬದಿಯಿಂದ ಬೂಸ್ಟರಿನೊಳಕ್ಕೆ ಇಳಿಯುವುದರಿಂದ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಉಳಿದದ್ದು ಬಿರುಕು ಬಿಟ್ಟ ಹೋಸು, ತುಕ್ಕು ಹಿಡಿದ ಪೈಪು. ಸರಿಪಡಿಸುವುದೆಂದರೆ ಕಿಟ್ ಅಥವಾ ಸಿಲಿಂಡರನ್ನೇ ಬದಲಿಸುವುದು, ಆಯಿಲ್ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕದೆ ಎಸೆಯುವುದು, ಕೊನೆಗೆ ಪೆಡಲ್ ಗಟ್ಟಿಯಾಗುವತನಕ ಏರ್ ತೆಗೆಯುವುದು.

ಇನ್ನೊಂದು ಆಕ್ಷೇಪವಿದೆ: ಹಳೆಯ ಅಂಬಾಸಿಡರಿನಲ್ಲಿ ಆಯಿಲ್ ಹರಿಯಲು ಒಂದೇ ದಾರಿ, ಎಲ್ಲಿ ಸೋರಿದರೂ ನಾಲ್ಕೂ ಗಾಲಿ ಕೈಬಿಡುತ್ತಿದ್ದವು, ಈಗಿನ ಕಾರುಗಳಿಗೆ ಎರಡು ಬೇರೆ ಬೇರೆ ದಾರಿಗಳಿವೆ, ಒಂದು ಹೋದರೂ ಇನ್ನೊಂದು ಇರುತ್ತದೆ. ಅಮೆರಿಕ 1968ರಲ್ಲಿ ಅದನ್ನು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ, ಅದರಿಂದ ಜೀವಗಳು ಉಳಿದಿರುವುದರಲ್ಲಿ ಸಂಶಯವಿಲ್ಲ. ಆದರೆ ಉಳಿದ ಅರ್ಧ ಬ್ರೇಕು ಮನೆ ಮುಟ್ಟಿಸಲಿಕ್ಕೆ ಕೊಟ್ಟದ್ದು, ವಾರಗಟ್ಟಲೆ ಓಡಿಸಲಿಕ್ಕಲ್ಲ. ಅದರ ಮೇಲೆ ನಮ್ಮ ಬೇಸಿಗೆಯ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂದಿನ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕಾದ ಡಾಟ್ 3 ದರ್ಜೆಯ ಆಯಿಲ್, ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಹಳೆಯದರ ಮೇಲೆ ಹೊಸದನ್ನು ಸುರಿಯುತ್ತ ಹೋದವನಿಗೆ ಸೋರಿಕೆಯ ಜೊತೆಗೆ, ಆಯಿಲ್ ಕುದಿದು ಬ್ರೇಕು ಹಿಡಿಯದಾಗುವ ಅಪಾಯವೂ ಉಳಿಯುತ್ತದೆ. ಖರ್ಚಿನ ಮಾತು ಆಡುವವರಿಗೆ ಉತ್ತರ ಸರಳ: ಕಪ್ಪಿನ ಕಿಟ್ಟು ಬ್ರೇಕಿನ ಭಾಗಗಳಲ್ಲೇ ಅಗ್ಗದ್ದು, ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿದರೆ ಮಾತ್ರ ಒಳಗಿನ ರಬ್ಬರೆಲ್ಲ ಉಬ್ಬಿ, ಎಲ್ಲವನ್ನೂ ಬದಲಿಸುವ ದುಬಾರಿ ಕೆಲಸವಾಗುತ್ತದೆ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವವರು ನಾಲ್ಕು ದಿನ ಮೊದಲೇ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿಕೊಳ್ಳಲಿ. ಇಳಿದಿದ್ದರೆ ಸುರಿಯುವ ಮೊದಲು ನಾಲ್ಕೂ ಗಾಲಿ ಬಿಚ್ಚಿಸಿ, ಎದುರಿಗೆ ನಿಂತು ನೋಡಲಿ.