ಟೀವಿಯೊಳಗೆ ನಮ್ಮೋರು ಎಷ್ಟು ಹೊತ್ತು?

ನಾನು ಮೊದಲು ಟೀವಿ ನೋಡಿದ್ದು ಪಟೇಲರ ಮನೆ ಕಿಟಕಿಯ ಹೊರಗೆ ನಿಂತು. ವಾರ್ತೆ ಮುಗಿದು ಕೇರಿಗೆ ಬಂದರೆ ಅವ್ವ ಕೇಳೋಳು: ‘ಅದರೊಳಗೆ ನಮ್ಮೋರು ಯಾರಾದ್ರೂ ಬಂದಿದ್ರೇನ್ಲಾ?’ ನನಗೆ ಗೊತ್ತಿರಲಿಲ್ಲ. ಲೆಕ್ಕ ಇಟ್ಟವರಾದರೂ ಯಾರಿದ್ದರು?

ಲೆಕ್ಕಕ್ಕೆ ಮೊದಲು ದಾಖಲೆ ಬೇಕು. ಅಮೆರಿಕದಲ್ಲಿ 1968ರಿಂದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸಂಜೆಯ ವಾರ್ತೆಗಳನ್ನು ಕಾಯ್ದಿಡತೊಡಗಿತು. ಅದಕ್ಕಿಂತ ನನ್ನನ್ನು ಕಾಡುವವಳು ಫಿಲಡೆಲ್ಫಿಯಾದ ಕಪ್ಪು ಹೆಣ್ಣುಮಗಳು ಮ್ಯಾರಿಯನ್ ಸ್ಟೋಕ್ಸ್. ಗ್ರಂಥಪಾಲಕಿಯಾಗಿದ್ದ ಆಕೆ 1979ರಿಂದ 2012ರಲ್ಲಿ ಸಾಯುವ ತನಕ ಮನೆಯಲ್ಲೇ ಹಗಲೂ ರಾತ್ರಿ ವಾರ್ತೆ ರೆಕಾರ್ಡ್ ಮಾಡಿದಳು. ಸುಮಾರು 70,000 ಟೇಪು! ಯಾವ ಪದವಿಯೂ ಅಧಿಕಾರವೂ ಒಪ್ಪಿಸಿದ ಕೆಲಸವಲ್ಲ ಅದು.

ಇಷ್ಟನ್ನು ಮನುಷ್ಯರು ಕೂತು ನೋಡಿ ಮುಗಿಸೋದು ಆಗದ ಮಾತು. ಸ್ಟ್ಯಾನ್‌ಫರ್ಡಿನ ಸಂಶೋಧಕರು 2010ರಿಂದ 2019ರವರೆಗಿನ ಮೂರು ಕೇಬಲ್ ಚಾನೆಲ್‌ಗಳ 2,44,038 ಗಂಟೆಗಳ ವಿಡಿಯೋವನ್ನು ಕಂಪ್ಯೂಟರಿನ ಮುಂದಿಟ್ಟರು. ಅದು ಮುಖಗಳನ್ನು ಹುಡುಕಿ, ಗಂಡು ಹೆಣ್ಣು ಎಂದು ವಿಂಗಡಿಸಿ, ಯಾರು ಎಷ್ಟು ಹೊತ್ತು ಕಂಡರೆಂದು ಕೂಡಿಸಿತು. ಹೆಂಗಸರಿಗೆ ಸಿಕ್ಕ ಹೊತ್ತು ಗಂಡಸರಿಗಿಂತ ಬಹಳ ಕಡಿಮೆ. ‘ನಮಗೆ ಜಾಗ ಇಲ್ಲ’ ಎಂಬ ದೂರು ಅಂಕಿಯಾಯಿತು.

ಇದನ್ನೇ ನಮ್ಮ ವಾರ್ತೆಗೆ ಹಚ್ಚಿದರೆ? ಜಾತಿ ಮುಖದ ಮೇಲೆ ಬರೆದಿಲ್ಲವಲ್ಲ. ಬ್ರಿಟಿಷರ ಕಾಲದಲ್ಲಿ ರಿಸ್ಲೆ ಮೂಗು ಅಳೆದು ಜಾತಿಯ ಮೂಲ ಹೇಳಲು ಹೊರಟಿದ್ದ. ಬಾಬಾಸಾಹೇಬರು 1948ರಲ್ಲಿ ಮೂಗಿನ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ವಾದಿಸಿದರು. ಮುಖ ನೋಡಿ ಜಾತಿ ಹೇಳ್ತೀನಿ ಅನ್ನೋ ಯಂತ್ರ ಬಂದರೆ ಅದು ರಿಸ್ಲೆಯ ಮೊಮ್ಮಗನೇ ಸರಿ.

ಜಾತಿಯನ್ನು ಕೇಳಿಯೇ ತಿಳಿಯಬೇಕು. 2006ರಲ್ಲಿ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್, ಯೋಗೇಂದ್ರ ಯಾದವ್ ಆ ಕೆಲಸ ಮಾಡಿದರು. ದಿಲ್ಲಿಯ 37 ಪತ್ರಿಕೆ, ಚಾನೆಲ್‌ಗಳಲ್ಲಿ ತೀರ್ಮಾನ ಮಾಡುವ 315 ಜನರಲ್ಲಿ ದಲಿತರಾಗಲಿ ಆದಿವಾಸಿಗಳಾಗಲಿ ಒಬ್ಬರೂ ಇರಲಿಲ್ಲ.

ಆದರೂ ಯಂತ್ರ ಬೇಡವೆಂದು ನಾನು ಹೇಳಲಾರೆ. ಎಣಿಸೋದು ಏನನ್ನು ಅನ್ನೋದೇ ಪ್ರಶ್ನೆ. ಹೆಣದ ಪಕ್ಕ ಅಳುವ ತಾಯಿಯದೂ ಅದಕ್ಕೆ ಒಂದು ಮುಖ, ಸ್ಟುಡಿಯೋದಲ್ಲಿ ಕೂತು ತೀರ್ಪು ಕೊಡುವವನದೂ ಒಂದು ಮುಖ. ನಿಮಿಷ ಕೂಡಿದರೆ ನಮ್ಮೋರೂ ಸಾಕಷ್ಟು ‘ಬಂದಿರಬಹುದು’. ಹೇಗೆ ಬಂದರು, ಹೆಸರು ಹಾಕಿದರಾ, ಮಾತು ಮುಗಿಸಲು ಬಿಟ್ಟರಾ? ಈ ಕಾಲಂಗಳನ್ನು ಎಳೆಯಬೇಕಾದವರು ನಾವು. ಅದಕ್ಕೂ ಮೊದಲು, ಸ್ಟೋಕ್ಸಳ ಹಾಗೆ, ಟೇಪು ನಮ್ಮ ಮನೆಯಲ್ಲಿರಬೇಕು. ಅವ್ವ ಕೇಳಿದ್ದಕ್ಕೆ ಉತ್ತರ ಬೇರೆಯವರು ಬರೆದುಕೊಡೋದಿಲ್ಲ.