ಬೀಟಾ ಅಲೆ ನಡೆದು ಬಂದ ದಾರಿ

ಮೆದುಳಿನ ವಿದ್ಯುತ್ ದಾಖಲಿಸುವ ಇಇಜಿ ಯಂತ್ರಕ್ಕೆ ಕಾಗದವೂ ಶಾಯಿಯೂ ಬೇಕಿದ್ದ ಕಾಲದಲ್ಲಿ ನಾನು ಟೆಕ್ನಿಷಿಯನ್ ಕೆಲಸ ಕಲಿತೆ. ಸೆಕೆಂಡಿಗೆ ಮೂರು ಸೆಂಟಿಮೀಟರಿನಂತೆ ಕಾಗದ ಓಡುತ್ತಿತ್ತು. 20 ನಿಮಿಷ ದಾಖಲಿಸಿದರೆ 36 ಮೀಟರ್. ಅದರ ಮೇಲೆ ಆಲ್ಫಾ ಅಲೆಯನ್ನು ಯಾರು ಬೇಕಾದರೂ ಗುರುತಿಸಬಹುದಿತ್ತು: ಸೆಕೆಂಡಿಗೆ ಹತ್ತರ ಹಾಗೆ, ಒಂದಕ್ಕೊಂದು 3 ಮಿಲಿಮೀಟರ್ ದೂರ. ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಬೀಟಾ ಹಾಗಲ್ಲ. ಒತ್ತೊತ್ತಾಗಿ, ಗಿಡ್ಡಗೆ ಬಂದು, ಪೆನ್ನಿನ ಗೆರೆಯೇ ಸ್ವಲ್ಪ ಒರಟಾಯಿತೇನೋ ಅನ್ನಿಸುತ್ತಿತ್ತು. ರೋಗಿ ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುಗಳ ಗದ್ದಲವೂ ಹಾಗೆಯೇ ಮೂಡುತ್ತದೆ. ಹಾಗಾಗಿ ತಲೆಗೆ ಎಣ್ಣೆ ಹಚ್ಚದೆ ಬಂದಿದ್ದಾರಾ ನೋಡಿ, ಪೇಸ್ಟ್ ಹಾಕಿ ತಂತಿ ಕೂರಿಸಿದ ಮೇಲೆ ನಾವು ಮೊದಲು ಹೇಳುತ್ತಿದ್ದ ಮಾತು, "ಅಮ್ಮಾ, ದವಡೆ ಸಡಿಲ ಬಿಡಿ." ಆಮೇಲೂ ಗೆರೆ ಒರಟಾಗಿಯೇ ಇದ್ದರೆ, "ರಾತ್ರಿ ನಿದ್ದೆ ಮಾತ್ರೆ ತಗೊಂಡ್ರಾ?" ಡಯಾಜೆಪಾಂ ಥರದ ಮಾತ್ರೆಗಳು ಬೀಟಾವನ್ನು ಎಬ್ಬಿಸುತ್ತವೆ. ಉತ್ತರವನ್ನು ಕಾಗದದ ಅಂಚಿನಲ್ಲಿ ಬರೆದರೆ ನಮ್ಮ ಮಟ್ಟಿಗೆ ಬೀಟಾದ ವಿಚಾರ ಮುಗಿಯಿತು.

ಈ ಅಲೆಗೆ ಹೆಸರಿಟ್ಟವರು ಜರ್ಮನಿಯ ಯೆನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಶಸ್ತ್ರಚಿಕಿತ್ಸೆಗೆ ಬಂದಿದ್ದ 17 ವರ್ಷದ ಹುಡುಗನೊಬ್ಬನ ಮೆದುಳಿನ ವಿದ್ಯುತ್ತನ್ನು ಅವರು 1924ರ ಜುಲೈನಲ್ಲಿ ದಾಖಲಿಸಿದರು. ಮಗ ಕ್ಲಾಸ್‌ನ ತಲೆಗೂ ತಂತಿ ಕಟ್ಟಿ ನೋಡಿದರು. ಮೊದಲ ವರದಿ ಹೊರಬಂದದ್ದು 1929ರಲ್ಲಿ. ಐದು ವರ್ಷ ಅವರು ತಮ್ಮ ಕಣ್ಣನ್ನೇ ನಂಬದೆ ಪರೀಕ್ಷಿಸುತ್ತಲೇ ಇದ್ದರು. ದೊಡ್ಡ, ನಿಧಾನದ ಅಲೆಗೆ ಆಲ್ಫಾ, ಸಣ್ಣ, ಚುರುಕಿನ ಅಲೆಗೆ ಬೀಟಾ ಎಂದರು. ಬಹಳ ಜನ ಒಪ್ಪಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮತ್ತೆ ಮಾಡಿ ತೋರಿಸಿದ ಮೇಲೆ ಲೋಕ ನಂಬಿತು. ಆದರೆ ಅವರೂ ಬೆನ್ನು ಹತ್ತಿದ್ದು ಆಲ್ಫಾವನ್ನೇ.

ಬೀಟಾಕ್ಕೂ ಕೈಕಾಲಿನ ಚಲನೆಗೂ ಇರುವ ನಂಟು ಸ್ಪಷ್ಟವಾಗಿ ಕಂಡದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಹರ್ಬರ್ಟ್ ಜಾಸ್ಪರ್ ಮತ್ತು ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರದ ರೋಗಿಗಳು ಎಚ್ಚರವಾಗಿರುವಾಗಲೇ ತಲೆಬುರುಡೆ ತೆರೆದು, ಮೆದುಳಿನ ಮೇಲ್ಮೈಯಿಂದಲೇ ವಿದ್ಯುತ್ ದಾಖಲಿಸುತ್ತಿದ್ದರು. ಕೈಯನ್ನು ನಡೆಸುವ ಭಾಗದಲ್ಲಿ ಬೀಟಾ ಸೊಗಸಾಗಿ ಹರಿಯುತ್ತಿತ್ತು. ಮುಷ್ಟಿ ಬಿಗಿಯಿರಿ ಎಂದ ಕೂಡಲೇ ಅದು ಅಡಗಿತು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೈ ಇದ್ದಂತೆಯೇ ಇರುವಾಗ ಬೀಟಾ ಹೆಚ್ಚು, ಕೈ ಎತ್ತುವ ಮೊದಲು ಅದು ಇಳಿಯುತ್ತದೆ, ಚಲನೆ ಮುಗಿದ ಮೇಲೆ ಮತ್ತೆ ಏರುತ್ತದೆ: ನಂತರದ ದಶಕಗಳಲ್ಲಿ ಈ ಚಿತ್ರ ಗಟ್ಟಿಯಾಯಿತು. ಹಾಗಾದರೆ ಏಳಬೇಕೆಂದುಕೊಂಡರೂ ಏಳಲಾಗದವರ ಮೆದುಳಿನಲ್ಲಿ ಈ ಅಲೆ ಏನು ಮಾಡುತ್ತಿದೆ? ಕೇಳಬಹುದಾಗಿದ್ದ ಪ್ರಶ್ನೆ. ಆದರೆ ಅವರನ್ನು ಹಾಗೆ ಕಟ್ಟಿಹಾಕುವ ಪಾರ್ಕಿನ್ಸನ್ ಕಾಯಿಲೆಯ ಬೇರಿರುವುದು ಮೆದುಳಿನ ಆಳದಲ್ಲಿ. ನೆತ್ತಿಯ ಮೇಲೆ ಅಂಟಿಸಿದ ನಮ್ಮ ತಂತಿಗಳಿಗೆ ಅಲ್ಲಿಯ ಸದ್ದು ಕೇಳಿಸುವುದು ಕಷ್ಟ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. ಮೆದುಳಿನಲ್ಲಿ ಡೋಪಮಿನ್ ಬತ್ತಿರುತ್ತದೆಂದು 1960ರಲ್ಲಿ ತಿಳಿಯಿತು. 1967ರಲ್ಲಿ ಜಾರ್ಜ್ ಕಾಟ್ಜಿಯಸ್ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಿದರು. ನಮ್ಮ ಹೊಲದ ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಿಂದ ಇದೇ ಎಲ್-ಡೋಪಾವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಮದ್ರಾಸಿನಲ್ಲಿ ಬೇರ್ಪಡಿಸಿದ್ದರು. ಅದನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ.

ಆಳಕ್ಕೆ ಬಾಗಿಲು ತೆರೆದದ್ದು ಶಸ್ತ್ರಚಿಕಿತ್ಸೆ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಅಲಿಮ್ ಲೂಯಿ ಬೆನಬಿದ್ 1987ರಲ್ಲಿ ಮೆದುಳಿನೊಳಗೆ ತಂತಿಯಿಳಿಸಿ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ವಿದ್ಯುತ್ ಮಿಡಿಸಿ ನಡುಕ ನಿಲ್ಲಿಸಿದರು. 1990ರ ದಶಕದಲ್ಲಿ ಅದೇ ತಂತಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ, ಅಲಸಂದೆ ಕಾಳಿನಷ್ಟಿರುವ ಗಂಟಿಗೆ ಇಳಿಯಿತು. ಕೆಲವು ಆಸ್ಪತ್ರೆಗಳಲ್ಲಿ ತಂತಿಯ ತುದಿಯನ್ನು ಕೆಲವು ದಿನ ತಲೆಯ ಹೊರಗೆ ಬಿಟ್ಟಿದ್ದು, ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಚರ್ಮದಡಿ ಬ್ಯಾಟರಿ ಕೂರಿಸುತ್ತಾರೆ. ಸಂಶೋಧಕ ಪೀಟರ್ ಬ್ರೌನ್ ಮತ್ತು ಸಂಗಡಿಗರು ಆ ನಡುವಿನ ದಿನಗಳನ್ನು ಬಳಸಿಕೊಂಡರು. ಇಡೀ ರಾತ್ರಿ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ದಾಖಲಿಸುವುದು, ಮಾತ್ರೆ ಕೊಟ್ಟು ಮತ್ತೆ ದಾಖಲಿಸುವುದು. 2001ರಲ್ಲಿ ಅವರ ಲೇಖನ ಬಂತು. ಮಾತ್ರೆ ಇಲ್ಲದಾಗ ಆ ಗಂಟಿನಲ್ಲಿ ಬೀಟಾದ ಅಬ್ಬರ. ಮಾತ್ರೆ ಹತ್ತಿದ ಮೇಲೆ ಅದು ತಗ್ಗಿ, ಸೆಕೆಂಡಿಗೆ ಸುಮಾರು 70ರ ಚುರುಕು ಅಲೆ ಎದ್ದಿತ್ತು.

ಈ ಕೆಲಸವನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ರೋಗಿಗಳ ಹತ್ತಿರ. ಪಾರ್ಕಿನ್ಸನ್ ಇರುವವರಿಗೆ ಒಂದು ರಾತ್ರಿ ಮಾತ್ರೆ ತಪ್ಪುವುದೆಂದರೆ ಏನೆಂದು ಮನೆಯವರನ್ನು ಕೇಳಬೇಕು. ಮಗ್ಗುಲು ಬದಲಿಸಲು ಒಬ್ಬರು ಬೇಕು. ಅಂಗಿಯ ಗುಂಡಿ ಬೆರಳಿಗೆ ಸಿಗುವುದಿಲ್ಲ. ಮಾತು ಗಂಟಲಲ್ಲೇ ಉಳಿಯುತ್ತದೆ. ತಲೆಗೆ ಆಗಷ್ಟೇ ಹೊಲಿಗೆ ಬಿದ್ದಿರುವಾಗ, ತಮಗೆ ನೇರ ಲಾಭವಿಲ್ಲದ ಪರೀಕ್ಷೆಗೆ ಅವರು ಆ ಸ್ಥಿತಿಯನ್ನು ತಾವಾಗಿ ಒಪ್ಪಿಕೊಂಡರು. ಬರ್ಗರ್ ಹೆಸರಿಗಿರುವಷ್ಟೇ ಗೌರವ ಅವರಿಗೂ ಸಲ್ಲಬೇಕೆಂದು ನನಗನ್ನಿಸುತ್ತದೆ.

ಬರ್ಲಿನ್ನಿನ ಆಂದ್ರೆಯಾ ಕ್ಯೂನ್ 2006ರಲ್ಲಿ ಇನ್ನೊಂದು ಮುಖ್ಯ ಸಂಗತಿ ತೋರಿಸಿದರು: ಮಾತ್ರೆಯಿಂದ ಬೀಟಾ ಎಷ್ಟು ತಗ್ಗುತ್ತದೋ ಅಷ್ಟು ಮೈ ಬಿಗಿತವೂ ನಿಧಾನವೂ ಕಡಿಮೆಯಾಗುತ್ತವೆ. ನಡುಕಕ್ಕೆ ಮಾತ್ರ ಈ ಲೆಕ್ಕ ಹೊಂದಲಿಲ್ಲ. ಬೀಟಾ ಕಾಯಿಲೆಯ ಕಾರಣವೋ ಬರೀ ಗುರುತೋ ಎಂಬ ವಾದ ಇನ್ನೂ ನಡೆದಿದೆ. ಆದರೆ ಗುರುತಾಗಿಯೇ ಅದು ಕೆಲಸಕ್ಕೆ ಬಂತು. 2013ರಲ್ಲಿ ಬ್ರೌನ್ ಅವರ ಆಕ್ಸ್‌ಫರ್ಡ್ ತಂಡ ಬೀಟಾ ಏರಿದಾಗ ಮಾತ್ರ ವಿದ್ಯುತ್ ಕೊಟ್ಟು ನೋಡಿತು. ಅರ್ಧಕ್ಕಿಂತ ಕಡಿಮೆ ಹೊತ್ತು ವಿದ್ಯುತ್ ಹರಿದರೂ, ಸದಾ ಹರಿಸುವುದಕ್ಕಿಂತ ಫಲ ಚೆನ್ನಾಗಿತ್ತು. 2020ರ ಹೊತ್ತಿಗೆ ಎದೆಯಲ್ಲಿ ಕೂರಿಸುವ ಯಂತ್ರವೇ ಬೀಟಾವನ್ನು ಅಳೆದಿಡತೊಡಗಿತು; ಅದನ್ನು ನೋಡಿ ತಾನೇ ವಿದ್ಯುತ್ ಹೊಂದಿಸಿಕೊಳ್ಳುವ ಚಿಕಿತ್ಸೆಗೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲರ ಮೆದುಳಿನಲ್ಲೂ ಆ ಬೀಟಾ ಶಿಖರ ಸ್ಪಷ್ಟವಾಗಿ ಕಾಣುವುದಿಲ್ಲ. ಅಂಥವರಿಗೂ ನಡುಕವೇ ಹೆಚ್ಚಿರುವವರಿಗೂ ವೈದ್ಯರು ಇಂದಿಗೂ ಕೈ ಚಾಚಿಸಿ, ಬೆರಳು ತಟ್ಟಿಸಿ, ಕಾರಿಡಾರಿನಲ್ಲಿ ನಡೆಸಿ ನೋಡಿಯೇ ವಿದ್ಯುತ್ತಿನ ಪ್ರಮಾಣ ಗೊತ್ತುಮಾಡುತ್ತಾರೆ.